ವಿಕ್ಟೋರಿಯನ್ ಮನೆಯ ಸೋಮವಾರದ ಒಗೆತ: ಕ್ರಮ ಹೇಗಿತ್ತು, ಎಲ್ಲಿ ಕೆಡುತ್ತಿತ್ತು?

ಪರದೆಹಿಂದೆ:

1885ರ ಸುಮಾರಿನ ಲಂಡನ್ನಿನ ಒಂದು ಸಾಲುಮನೆ. ಯಜಮಾನ ಗುಮಾಸ್ತ, ಹೆಂಡತಿ, ಮೂವರು ಮಕ್ಕಳು, ಎಲ್ಲ ಕೆಲಸಕ್ಕೂ ಸೇರಿ ಒಬ್ಬಳೇ ಹುಡುಗಿ. ಈ ಮನೆಯ ಬಟ್ಟೆ ಒಗೆಯುವ ದಿನವನ್ನು ನಾಟಕದ ಒಂದು ಅಂಕದಲ್ಲಿ ಪೂರ್ತಿಯಾಗಿ ತೋರಿಸಬೇಕಾಗಿದೆ. ಮಾತಿಗಿಂತ ಕೆಲಸವೇ ಜಾಸ್ತಿ ಇರುವ ಅಂಕ, ಹಾಗಾಗಿ ಕೈ ಮಾಡುವುದು ಯಾವುದೂ ಸುಳ್ಳಾಗಬಾರದು.

ಈಗಿನ ಕರಡು ಹೀಗಿದೆ. ಸೋಮವಾರ ಬೆಳಿಗ್ಗೆ ಎಂಟಕ್ಕೆ ಹುಡುಗಿ ಹಂಡೆಗೆ ಬೆಂಕಿ ಹಚ್ಚುತ್ತಾಳೆ. ನೀರು ಕುದಿಯುತ್ತಲೇ ಶರಟು, ಹಾಸಿಗೆ ಬಟ್ಟೆ, ಫ್ಲಾನೆಲ್ ಅಂಗಿ, ಅಮ್ಮನವರ ರೇಷ್ಮೆ ಗೌನು ಎಲ್ಲವನ್ನೂ ಅದಕ್ಕೆ ಹಾಕಿ ಸೋಪು ಸುರಿಯುತ್ತಾಳೆ. ಆಮೇಲೆ ಜಾಲಿಸಿ, ನೀಲಿ ಹಾಕಿ, ಹಿತ್ತಲಲ್ಲಿ ಒಣಹಾಕುತ್ತಾಳೆ. ಸಂಜೆ ಒಂದು ಇದ್ದಿಲಿನ ಇಸ್ತ್ರಿಪೆಟ್ಟಿಗೆಯಲ್ಲಿ ಎಲ್ಲವನ್ನೂ ಇಸ್ತ್ರಿ ಮಾಡಿ ಮಡಚಿಡುತ್ತಾಳೆ.

ಇದರಲ್ಲಿ ಎಷ್ಟು ಸರಿ, ಎಷ್ಟು ತಪ್ಪು? ಸೋಮವಾರವೇ ಯಾಕೆ? ಅಂಕದ ಮಧ್ಯದಲ್ಲಿ ಹುಡುಗಿಯ ಕೈಯಿಂದ ಏನೋ ಒಂದು ಕೆಡಬೇಕು. ಅದು ಆ ಕಾಲದಲ್ಲಿ ನಿಜವಾಗಿ ಕೆಡುತ್ತಿದ್ದ ರೀತಿಯಲ್ಲೇ ಕೆಡಬೇಕು.

ಇದ್ದಿಲುಬುಟ್ಟಿ:

ಮೊದಲು ಆ ರೇಷ್ಮೆ ಗೌನನ್ನು ಹಂಡೆಯಿಂದ ಹೊರಗೆ ತೆಗೆಯಿರಿ. ರೇಷ್ಮೆ, ಉಣ್ಣೆಯ ಮೇಲುಡುಪುಗಳನ್ನು ಒಗೆಯುತ್ತಲೇ ಇರಲಿಲ್ಲ. ಬ್ರಷ್ಷಿನಲ್ಲಿ ಧೂಳು ಉದುರಿಸಿ, ಕಲೆ ಇದ್ದಲ್ಲಿ ಮಾತ್ರ ಸ್ಪಂಜಿನಿಂದ ಒರೆಸುತ್ತಿದ್ದರು. ಬೀದಿಯ ಕೆಸರು ತಾಗುವ ಅಂಚಿಗೆ ಒಂದು ಪಟ್ಟಿ ಹೊಲಿದಿರುತ್ತಿತ್ತು, ಅದು ಸವೆದರೆ ಬಿಚ್ಚಿ ಬೇರೆ ಹಾಕುತ್ತಿದ್ದರು. ಒಗೆತಕ್ಕೆ ಬೀಳುತ್ತಿದ್ದದ್ದು ಮೈಗೆ ತಾಗುವ ಹತ್ತಿ, ನಾರು ಬಟ್ಟೆಗಳು: ಒಳ ಅಂಗಿ, ಚಡ್ಡಿ, ಪೆಟಿಕೋಟು, ಶರಟು, ಬೇರೆಯಾಗಿ ಬಿಚ್ಚಿಬರುವ ಕಾಲರು ಮತ್ತು ಕಫ್, ಏಪ್ರನ್ನು, ಮಗುವಿನ ಬಟ್ಟೆ, ಮೇಜಿನ ಬಟ್ಟೆ, ಹಾಸಿಗೆ ಬಟ್ಟೆ. ಹಾಸಿಗೆಯ ಎರಡೂ ಹೊದಿಕೆ ಒಟ್ಟಿಗೆ ಬರುತ್ತಿರಲಿಲ್ಲ. ಕೆಳಗಿನದನ್ನು ಒಗೆತಕ್ಕೆ ಹಾಕಿ, ಮೇಲಿನದನ್ನು ಕೆಳಗೆ ಹಾಸಿ, ಮೇಲಕ್ಕೆ ಹೊಸದನ್ನು ಹಾಕುವುದು ರೂಢಿ. ಸಣ್ಣ ಮನೆಯಲ್ಲಿ ಅರ್ಧ ಭಾರ ಇಳಿಯುತ್ತಿದ್ದದ್ದು ಅದರಿಂದಲೇ.

ಸೋಮವಾರ ಯಾಕೆ ಅಂದರೆ, ಭಾನುವಾರ ಚರ್ಚಿಗೆ ಹೋಗುವಾಗ ಶುಭ್ರ ಬಟ್ಟೆ ಬದಲಿಸಿದ ಮೇಲೆ ಕೊಳೆಬಟ್ಟೆ ರಾಶಿಯಾಗಿರುತ್ತಿತ್ತು. ಭಾನುವಾರದ ಹುರಿದ ಮಾಂಸ ಉಳಿದಿರುವುದರಿಂದ ಸೋಮವಾರ ತಣ್ಣಗಿನ ಊಟವೇ ಸಾಕು, ಅಡುಗೆಗೆ ಕೈ ಬೇಡ. ಎಲ್ಲಕ್ಕಿಂತ ಮುಖ್ಯ, ಸೋಮವಾರ ಶುರು ಮಾಡಿದರೆ ಒಣಗಿಸುವುದಕ್ಕೆ, ಇಸ್ತ್ರಿಗೆ, ಬೆಂಕಿಯ ಮುಂದೆ ತೇವ ಆರಿಸುವುದಕ್ಕೆ ಇಡೀ ವಾರ ಸಿಗುತ್ತದೆ. ಮಳೆ ಬಂದರೂ ಶನಿವಾರದ ಒಳಗೆ ಮುಗಿಯುತ್ತದೆ. ಹೀಗಾಗಿ ಸಂಜೆಯೇ ಇಸ್ತ್ರಿ ಮುಗಿಯಿತು ಅನ್ನುವ ನಿಮ್ಮ ಕರಡು ನಿಲ್ಲುವುದಿಲ್ಲ. ಇಸ್ತ್ರಿ ಮಂಗಳವಾರದ ಕೆಲಸ, ಬುಧವಾರಕ್ಕೂ ಜಾರುತ್ತಿತ್ತು.

ಇನ್ನು ಎಂಟು ಗಂಟೆಗೆ ಬೆಂಕಿ ಹಚ್ಚಿದರೆ ತುಂಬ ತಡ. "ಕಾಪರ್" ಅಂತ ಕರೆಯುತ್ತಿದ್ದ ಆ ಹಂಡೆ ಹಿಂಬದಿಯ ಸ್ಕಲರಿಯ (ಪಾತ್ರೆ, ಬಟ್ಟೆ ತೊಳೆಯುವ ಕೋಣೆಯ) ಮೂಲೆಯಲ್ಲಿ ಇಟ್ಟಿಗೆ ಕಟ್ಟಡದೊಳಗೆ ಕೂತಿರುತ್ತಿತ್ತು. ಕೆಳಗೆ ಸಣ್ಣ ಬೆಂಕಿಗೂಡು, ಹಿಂದೆ ಹೊಗೆನಾಳ, ಮೇಲೆ ಮರದ ಮುಚ್ಚಳ. ಹೆಸರು ತಾಮ್ರದ್ದಾದರೂ ಈ ಹೊತ್ತಿಗೆ ಎರಕದ ಕಬ್ಬಿಣದವೂ ಎಷ್ಟೋ ಇದ್ದವು. 20 ಗ್ಯಾಲನ್ ಹಿಡಿಯುವ ಹಂಡೆ ಅಂತ ಇಟ್ಟುಕೊಳ್ಳಿ, ಅಂದರೆ 90 ಲೀಟರ್. ಅಷ್ಟು ತಣ್ಣೀರು ಕುದಿಯಬೇಕಾದರೆ, ಬೆಂಕಿಯ ಕಾವಿನಲ್ಲಿ ಕಾಲುಭಾಗ ಮಾತ್ರ ನೀರಿಗೆ ಸೇರಿತು ಎಂದುಕೊಂಡು ಲೆಕ್ಕ ಹಾಕಿದರೂ, ನಾಲ್ಕೂವರೆ ಕಿಲೋ ಕಲ್ಲಿದ್ದಲು ಬೇಕು. ಸಮಯ ಒಂದೂವರೆಯಿಂದ ಎರಡು ಗಂಟೆ. ಹುಡುಗಿ ಐದಕ್ಕೆ ಎದ್ದರೆ ಏಳಕ್ಕೆ ಕುದಿ ಬಂದೀತು. ಒಳ್ಳೆಯ ಕಲ್ಲಿದ್ದಲನ್ನು ಇದಕ್ಕೆ ಹಾಕುತ್ತಿರಲಿಲ್ಲ. ಅಡುಗೆ ಒಲೆಯ ಬೂದಿಯನ್ನು ಜರಡಿ ಹಿಡಿದು ಉಳಿಸಿದ ಅರೆಸುಟ್ಟ ಚೂರು, ಕಲ್ಲಿದ್ದಲ ಪುಡಿ, ಮುರಿದ ಪೆಟ್ಟಿಗೆಯ ಚೂರು, ಇವೇ ಸೌದೆ. ಹಂಡೆ ತುಂಬಿಸುವುದು ಬಕೆಟ್ಟಿನಲ್ಲಿ, ಖಾಲಿ ಮಾಡುವುದು ಹಿಡಿಕೆ ಇರುವ ಮೊಗೆಯಲ್ಲಿ. ಈ ಎತ್ತುವ ಸುರಿಯುವ ಕೆಲಸವನ್ನು ರಂಗದ ಮೇಲೆ ಧಾರಾಳವಾಗಿ ತೋರಿಸಿ. ಆ ದಿನದ ದಣಿವೆಲ್ಲ ನೀರಿನ ತೂಕದಲ್ಲಿತ್ತು.

ಆದರೆ ಕೆಲಸ ಶುರುವಾಗುವುದು ಸೋಮವಾರ ಅಲ್ಲ, ಹಿಂದಿನ ರಾತ್ರಿ. ಭಾನುವಾರ ಕೆಲಸ ಮುಟ್ಟದ ಕಟ್ಟುನಿಟ್ಟಿನ ಮನೆಯಾದರೆ ಶನಿವಾರ ರಾತ್ರಿಯೇ. ಬಿಳಿ ಬಟ್ಟೆಗಳನ್ನು ವಿಂಗಡಿಸಿ, ಸೋಡಾ (ಬಟ್ಟೆ ಒಗೆಯುವ ವಾಷಿಂಗ್ ಸೋಡಾ) ಹಾಕಿದ ನೀರಲ್ಲಿ ನೆನೆಹಾಕುತ್ತಿದ್ದರು. ರಕ್ತ, ಮೊಟ್ಟೆ ತಾಗಿದ್ದನ್ನು ಮಾತ್ರ ತಣ್ಣೀರು ಮತ್ತು ಉಪ್ಪಿನಲ್ಲಿ ಬೇರೆ ನೆನೆಸಬೇಕು. ಬಿಸಿ ತಾಗಿದರೆ ಆ ಕಲೆ ಬೆಂದು ನೂಲಿಗೆ ಕಚ್ಚಿಕೊಂಡುಬಿಡುತ್ತದೆ. ಸೀದಾ ಕುದಿಯುವ ನೀರಿಗೆ ಕೊಳೆಬಟ್ಟೆ ಹಾಕುವುದು ತಪ್ಪು ಅನ್ನುವುದಕ್ಕೂ ಇದೇ ಕಾರಣ. ಮೊದಲು ಬೆಚ್ಚಗಿನ ಸೋಪುನೀರಲ್ಲಿ ತೊಟ್ಟಿಯಲ್ಲಿ ಒಗೆದು, ಆಮೇಲೆ ಹಂಡೆಗೆ. ಕುದಿಸುವುದು ಒಗೆಯುವುದಕ್ಕಲ್ಲ, ಒಗೆದದ್ದನ್ನು ಬಿಳುಪಾಗಿಸುವುದಕ್ಕೆ. 20 ನಿಮಿಷ ಸಾಕು, ಬಿಟ್ಟರೆ ಹಳದಿ ತಿರುಗುತ್ತದೆ. ಕೆದಕುವ ಕೋಲು ಬಣ್ಣ ಬಿಡದ ಬಿಳಿ ಮರದ್ದಾಗಿರಬೇಕು.

ಬಿಸಿನೀರು, ಸೋಪು ಎರಡೂ ದುಬಾರಿಯಾದ್ದರಿಂದ ಒಂದೇ ಸೋಪುನೀರು ಸರದಿಯಲ್ಲಿ ಸಾಗುತ್ತಿತ್ತು: ಮೊದಲು ಕಾಲರು, ಮಸ್ಲಿನ್‌ನಂಥ ನವುರು ಬಿಳುಪು, ಆಮೇಲೆ ಮೈಬಟ್ಟೆ, ಹಾಸಿಗೆ ಬಟ್ಟೆ, ಕೊನೆಗೆ ಅಡುಗೆಮನೆಯ ಒರೆಸುಬಟ್ಟೆ. ಅದೂ ಮುಗಿದ ಮೇಲೆ ಉಳಿದ ನೀರಿನಿಂದ ಸ್ಕಲರಿಯ ನೆಲ, ಹಿತ್ತಲ ಕಲ್ಲು, ಹೊರಗಿನ ಪಾಯಖಾನೆ ಉಜ್ಜುತ್ತಿದ್ದರು. ಅಂಕ ಮುಗಿಯುವಾಗ ಹುಡುಗಿ ಮೊಣಕಾಲೂರಿ ನೆಲ ಉಜ್ಜುತ್ತಿದ್ದರೆ ಅದು ಖಂಡಿತ ಸುಳ್ಳಾಗುವುದಿಲ್ಲ.

ನೀಲಿಗಂಟು:

ಮೇಲಿನದಕ್ಕೆ ಸೋಪು, ಸೋಡಾ, ನೀಲಿಯ ಭಾಗ ಸೇರಿಸುತ್ತೇನೆ. ನಿಮಗೆ ಬೇಕಾದ "ಕೆಡುವುದು" ಇಲ್ಲಿಯೇ ಇದೆ.

ಲಂಡನ್ನಿನ ನೀರು ಗಡಸು, ಸುಣ್ಣದಂಶ ಜಾಸ್ತಿ. ಅದಕ್ಕೆ ಸೀದಾ ಸೋಪು ಹಾಕಿದರೆ ನೊರೆ ಬಾರದೆ ಬೂದುಬಣ್ಣದ ಜಿಗುಟು ಬಟ್ಟೆಗೆ ಅಂಟುತ್ತದೆ. ಹಾಗಾಗಿ ಸೋಡಾ ಮೊದಲು, ಅದು ಕರಗಿದ ಮೇಲೆ ಸೋಪು. ಈ ಕ್ರಮ ತಪ್ಪಿದರೆ ಸೋಪು ಅರ್ಧಕ್ಕರ್ಧ ವ್ಯರ್ಥ. ಆಗಿನ ಸೋಡಾ ಕಲ್ಲುಸಕ್ಕರೆಯಂಥ ಹರಳು, ಅದರ ತೂಕದಲ್ಲಿ ನೂರಕ್ಕೆ 63 ಪಾಲು ನೀರೇ. ಈಗ ಸಿಗುವ ಒಣ ಪುಡಿಯಲ್ಲಿ ಯಾರಾದರೂ ಮಾಡಿ ನೋಡುವುದಿದ್ದರೆ ಹಳೆಯ ಅಳತೆಯ ಮೂರನೇ ಒಂದಕ್ಕಿಂತ ತುಸು ಹೆಚ್ಚು ಸಾಕು. ಸೋಡಾ ಮಿತಿ ಮೀರಿದರೆ ಬಿಳಿ ಬಟ್ಟೆ ಹಳದಿಯಾಗುತ್ತದೆ, ಬಣ್ಣ ಕದಡುತ್ತದೆ, ಕೈಯ ಚರ್ಮ ಬಿರಿಯುತ್ತದೆ. ಹುಡುಗಿಯ ಕೈಗಳು ಕೆಂಪಗೆ, ಗೆಣ್ಣುಗಳಲ್ಲಿ ಸೀಳು ಬಿಟ್ಟಂತೆ ಇರಲಿ. ಹಿತ್ತಲಲ್ಲಿ ಮಳೆನೀರಿನ ಪೀಪಾಯಿ ಒಂದಿದ್ದರೆ ಇನ್ನೂ ಒಳ್ಳೆಯದು. ಮಳೆನೀರು ಮೆದು, ನವುರು ಬಟ್ಟೆಗೆ ಅದನ್ನೇ ಉಳಿಸಿಡುತ್ತಿದ್ದರು.

ಸೋಪನ್ನು ಯಾರೂ "ಸುರಿಯುತ್ತಿರಲಿಲ್ಲ". ಹಳದಿ ಬಾರ್ ಸೋಪನ್ನು ಚಾಕುವಿನಲ್ಲಿ ಹೆರೆದು, ಮುಳುಗುವಷ್ಟು ನೀರು ಹಾಕಿ, ಒಲೆಯ ಅಂಚಿನಲ್ಲಿ ಜಾಡಿಯಲ್ಲಿ ಕರಗಿಸಿದರೆ ಆರಿದ ಮೇಲೆ ಲೋಳೆಯಾಗುತ್ತದೆ. ಅದನ್ನು ಹಿಂದಿನ ದಿನವೇ ಮಾಡಿಟ್ಟುಕೊಂಡಿರುತ್ತಿದ್ದರು. ಸೋಪಿನ ತುಂಡು ಹಾಗೇ ಹಂಡೆಗೆ ಬಿದ್ದರೆ ಕರಗದ ಚೂರು ಬಟ್ಟೆಯಲ್ಲಿ ಕೂತು ಇಸ್ತ್ರಿಯಲ್ಲಿ ಕಂದುಕಲೆಯಾಗುತ್ತದೆ. ಪುಡಿ ಸೋಪು ಬೇಕೆಂದರೂ ತಪ್ಪಲ್ಲ, ಹಡ್ಸನ್ ಪುಡಿ 1837ರಿಂದಲೇ ಇತ್ತು. ಕಾಗದದಲ್ಲಿ ಸುತ್ತಿದ ಸನ್‌ಲೈಟ್ ಬಿಲ್ಲೆ ತೋರಿಸುವ ಆಸೆ ಇದ್ದರೆ ನಿಮ್ಮ ಕಾಲಕ್ಕೆ ಅದು ಹೊಚ್ಚ ಹೊಸದು, ಸೋಪು ವ್ಯಾಪಾರಿ ಲೀವರ್ ಆ ಹೆಸರನ್ನು ತಂದದ್ದು 1884ರಲ್ಲಿ. ಸೋಪಿನ ಮೇಲಿನ ಸುಂಕ 1853ರಲ್ಲೇ ಹೋಗಿತ್ತು, ಆದರೂ ಇಂಥ ಮನೆಯಲ್ಲಿ ಅಮ್ಮನವರು ಸೋಪನ್ನು ಎಣಿಸಿಯೇ ಕೊಡುತ್ತಾರೆ.

ಜಾಲಿಸುವಾಗ ಮೊದಲ ನೀರು ಬಿಸಿ, ಆಮೇಲಿನದು ತಣ್ಣೀರು. ಮೊದಲೇ ತಣ್ಣೀರಿಗೆ ಹಾಕಿದರೆ ಬಟ್ಟೆಯಲ್ಲಿರುವ ಸೋಪು ಅಲ್ಲೇ ಗಟ್ಟಿಯಾಗಿ ಉಳಿಯುತ್ತದೆ. ಕೊನೆಯ ತಣ್ಣೀರಿಗೆ ನೀಲಿ. ನೀಲಿಯ ಉಂಡೆಯನ್ನು ಫ್ಲಾನೆಲ್ ಚೂರಿನಲ್ಲಿ ಗಂಟು ಕಟ್ಟಿ ನೀರಲ್ಲಿ ಹಿಂಡುತ್ತಾರೆ. ಅಂಗೈಯಲ್ಲಿ ಎತ್ತಿಕೊಂಡ ನೀರು ತಿಳಿ ಆಕಾಶದ ಬಣ್ಣಕ್ಕೆ ಬಂದರೆ ಸಾಕು. ಅಲ್ಟ್ರಾಮೆರೀನ್ ಎಂಬ ಬಗೆಯ ನೀಲಿ ನೀರಲ್ಲಿ ಕರಗುವುದಿಲ್ಲ, ಸಣ್ಣ ಕಣವಾಗಿ ತೇಲುತ್ತದೆ, ಬಿಟ್ಟರೆ ತಳ ಸೇರುತ್ತದೆ. ಆದ್ದರಿಂದ ಪ್ರತಿ ಬಟ್ಟೆಗೂ ಮೊದಲು ನೀರು ಕದಡಬೇಕು, ಬಟ್ಟೆಯನ್ನು ಬಿಡಿಸಿ ಅದ್ದಿ ತಕ್ಷಣ ಎತ್ತಬೇಕು. ಮುದ್ದೆಯಾಗಿ ಹಾಕಿದರೆ ಮಡಿಕೆಮಡಿಕೆಯಲ್ಲಿ ನೀಲಿ ಗೀರು. ನೀಲಿ ಜಾಸ್ತಿಯಾದರೆ ವಿನೆಗರ್ ಬೆರೆಸಿದ ನೀರಲ್ಲಿ ಜಾಲಿಸುತ್ತಿದ್ದರು, ಆಮ್ಲಕ್ಕೆ ಅಲ್ಟ್ರಾಮೆರೀನ್ ನಿಲ್ಲುವುದಿಲ್ಲ.

ಈಗ ನಿಮ್ಮ ದೃಶ್ಯಕ್ಕೆ ಬೇಕಾದದ್ದು. ಹಲ್ ಪಟ್ಟಣದ ರೆಕಿಟ್ ಕಂಪನಿ ಮಾರುತ್ತಿದ್ದ ನೀಲಿ ಅಲ್ಟ್ರಾಮೆರೀನ್. ಅದಕ್ಕಿಂತ ಹಳೆಯದಾದ ಪ್ರಷ್ಯನ್ ನೀಲಿಯೂ ಬಳಕೆಯಲ್ಲಿತ್ತು, ಅದರಲ್ಲಿ ಕಬ್ಬಿಣದಂಶ ಇದೆ. ಸೋಪು, ಸೋಡಾ ಪೂರ್ತಿ ಹೋಗದ ಬಟ್ಟೆಯನ್ನು ಆ ನೀಲಿಗೆ ಅದ್ದಿದರೆ ಕ್ಷಾರಕ್ಕೆ ನೀಲಿ ಒಡೆದು ಕಬ್ಬಿಣ ಬಟ್ಟೆಯಲ್ಲೇ ಉಳಿಯುತ್ತದೆ. ಆಗ ಏನೂ ಕಾಣುವುದಿಲ್ಲ. ಮಾರನೆಯ ದಿನ ಬಿಸಿ ಇಸ್ತ್ರಿ ತಾಗಿದಾಗ ಮೇಜಿನ ಬಟ್ಟೆಯ ತುಂಬ ತುಕ್ಕಿನ ಚುಕ್ಕಿ ಏಳುತ್ತದೆ. ಸೋಮವಾರ ಜಾಲಿಸುವುದರಲ್ಲಿ ಒಂದು ಸುತ್ತು ಉಳಿಸಿದ ಹುಡುಗಿ ಮಂಗಳವಾರ ಸಿಕ್ಕಿಬೀಳುತ್ತಾಳೆ. ತುಕ್ಕು ತೆಗೆಯಲು "ಸಾಲ್ಟ್ಸ್ ಆಫ್ ಲೆಮನ್" ಎಂಬ ಪುಡಿ ಇತ್ತು. ಹೆಸರಿನಲ್ಲಿ ನಿಂಬೆ ಇದ್ದರೂ ಅದು ಆಕ್ಸಲೇಟ್ ಲವಣ, ವಿಷ. ಮಕ್ಕಳಿರುವ ಮನೆಯಲ್ಲಿ ಆ ಪೊಟ್ಟಣವನ್ನು ಎಲ್ಲಿಡುತ್ತಾರೆ ಎನ್ನುವುದನ್ನೂ ಯೋಚಿಸಿ.

ಪರದೆಹಿಂದೆ:

ತುಕ್ಕಿನ ಚುಕ್ಕಿ ಖಂಡಿತ ಬರುತ್ತದೆ, ಅಂಕವನ್ನು ಎರಡು ದಿನಕ್ಕೆ ಹಿಗ್ಗಿಸುತ್ತೇನೆ. ಇನ್ನೂ ಎರಡು ಸಂಗತಿ ಬೇಕು. ಫ್ಲಾನೆಲ್ಲಿಗೆ ಬೇರೆ ವಿಧಾನವೇ? ಇಸ್ತ್ರಿಯಲ್ಲಿ ಕಾಲರಿಗೆ ಗಂಜಿ ಹಾಕುವುದನ್ನು ಹತ್ತಿರದಿಂದ ತೋರಿಸುವುದಾದರೆ ಕೈ ಏನು ಮಾಡಬೇಕು?

ಮರದುರುಳೆ:

ಫ್ಲಾನೆಲ್ ಉಣ್ಣೆ. ಬಿಸಿ ಮತ್ತು ಉಜ್ಜಾಟ ಎರಡೂ ಸೇರಿದರೆ ಎಳೆಯ ಮೇಲಿನ ಹುರುಪೆಗಳು ಒಂದಕ್ಕೊಂದು ಸಿಕ್ಕಿಕೊಂಡು ಬಟ್ಟೆ ಕುಗ್ಗಿ ಕಂಬಳಿಯಂತೆ ದಪ್ಪಗಾಗುತ್ತದೆ. ಒಮ್ಮೆ ಕುಗ್ಗಿದರೆ ಮತ್ತೆ ಹಿಗ್ಗುವುದಿಲ್ಲ. ಅದಕ್ಕೆ ಉಗುರುಬೆಚ್ಚಗಿನ ಸೋಪುನೀರು, ಸೋಡಾ ಬೇಡ, ಉಜ್ಜುವುದು ಬೇಡ, ಅದುಮಿ ಬಿಡುವುದಷ್ಟೇ. ಜಾಲಿಸುವ ನೀರೂ ಅದೇ ಬಿಸಿಯದ್ದಿರಬೇಕು. ತಿರುಚಿ ಹಿಂಡದೆ ಉರುಳೆಯಲ್ಲಿ ಒತ್ತಿ, ಗಾಳಿಯಲ್ಲಿ ಬೇಗ ಒಣಗಿಸಬೇಕು, ಬೆಂಕಿಯ ಹತ್ತಿರ ಅಲ್ಲ. ಬಣ್ಣದ ಛಾಪಿನ ಹತ್ತಿಗೂ ಕುದಿ ಇಲ್ಲ. ಬಣ್ಣ ಬಿಡದಂತೆ ನೀರಿಗೆ ಒಂದು ಹಿಡಿ ಉಪ್ಪು, ಒಳಮೈ ಹೊರಗೆ ಮಾಡಿ ನೆರಳಲ್ಲಿ ಒಣಗಿಸುವುದು.

ನಿಮ್ಮ ಕರಡಿನಲ್ಲಿ ಬಿಟ್ಟುಹೋದ ದೊಡ್ಡ ವಸ್ತು ಮ್ಯಾಂಗಲ್, ಅಂದರೆ ಬಟ್ಟೆಯನ್ನು ಉರುಳೆಗಳ ನಡುವೆ ಒತ್ತಿ ನೀರು ಹಿಂಡುವ ಯಂತ್ರ. ಎರಕದ ಕಬ್ಬಿಣದ ಚೌಕಟ್ಟು, ಎರಡು ದಪ್ಪ ಮರದ ಉರುಳೆ, ಪಕ್ಕದಲ್ಲಿ ತಿರುಗುವ ಚಕ್ರ, ಮೇಲೆ ಒತ್ತಡ ಹೆಚ್ಚು ಕಡಿಮೆ ಮಾಡುವ ತಿರುಪು. ಒಬ್ಬರು ಬಟ್ಟೆ ಕೊಡಬೇಕು, ಒಬ್ಬರು ತಿರುಗಿಸಬೇಕು, ಹಾಗಾಗಿ ಅಮ್ಮನವರು ಇಲ್ಲಿ ಸೇರಿಕೊಳ್ಳಬಹುದು. ಗುಂಡಿಗಳನ್ನು ಒಳಕ್ಕೆ ಮಡಚದೆ ಕೊಟ್ಟರೆ ಮೂಳೆಯ ಗುಂಡಿ ಪಟಪಟನೆ ಒಡೆಯುತ್ತದೆ, ಆ ಶಬ್ದ ಪ್ರೇಕ್ಷಕರಿಗೆ ಕೇಳಿಸುವಂತೆ ಮಾಡಿ. ಕೆಲಸ ಮುಗಿದ ಮೇಲೆ ತಿರುಪು ಸಡಿಲಿಸಿ, ಉರುಳೆ ಒರೆಸಬೇಕು. ಬಿಗಿಯಾಗೇ ಬಿಟ್ಟರೆ ಉರುಳೆ ಒಂದು ಕಡೆ ಚಪ್ಪಟೆಯಾಗುತ್ತದೆ. ಹಾಸಿಗೆ ಬಟ್ಟೆ, ಒರೆಸುಬಟ್ಟೆಯಂಥವಕ್ಕೆ ಒಣಗಿದ ಮೇಲೆ ತುಸು ತೇವ ಚಿಮುಕಿಸಿ ಮ್ಯಾಂಗಲಿಗೆ ಕೊಟ್ಟರೆ ಇಸ್ತ್ರಿಯೇ ಬೇಕಾಗಿಲ್ಲ. ಮನೆಯಲ್ಲಿ ಮ್ಯಾಂಗಲ್ ಇಲ್ಲದವರು ಡಜನ್ ಲೆಕ್ಕದಲ್ಲಿ ಪೆನ್ನಿ ಕೊಟ್ಟು ಬೀದಿಯ ಯಾರಾದರೂ ವಿಧವೆಯ ಮನೆಯಲ್ಲಿ ಮಾಡಿಸಿಕೊಳ್ಳುತ್ತಿದ್ದರು. ಕಿಟಕಿಯಲ್ಲಿ "ಇಲ್ಲಿ ಮ್ಯಾಂಗಲ್ ಮಾಡಿಕೊಡಲಾಗುತ್ತದೆ" ಎಂಬ ಫಲಕ ಆ ಕಾಲದ ಬೀದಿಗಳಲ್ಲಿ ಮಾಮೂಲಿ.

ಈಗ ಇಸ್ತ್ರಿ. ಇದ್ದಿಲಿನದು ಬೇಡ. ಹೊಗೆ, ವಾಸನೆ, ಕಿಡಿ, ಒಳಾಂಗಣಕ್ಕೆ ಅದು ಒಗ್ಗದು. ಇಂಥ ಮನೆಯಲ್ಲಿರುವುದು ಸಾದಾ ಗಟ್ಟಿ ಕಬ್ಬಿಣದ ಇಸ್ತ್ರಿ, ಕನಿಷ್ಠ ಎರಡು. ಒಂದು ಕೈಯಲ್ಲಿ, ಇನ್ನೊಂದು ಒಲೆಯ ಮೇಲೆ, ತಣಿದಂತೆ ಅದಲುಬದಲು. ಹಿಡಿಯೂ ಕಬ್ಬಿಣವೇ ಆದ್ದರಿಂದ ಅಷ್ಟೇ ಸುಡುತ್ತದೆ, ದಪ್ಪ ಬಟ್ಟೆಯ ಹಿಡಿಕೆ ಇಲ್ಲದೆ ಹುಡುಗಿ ಅದನ್ನು ಮುಟ್ಟಕೂಡದು. ನಟಿ ಬರಿಗೈಯಲ್ಲಿ ಎತ್ತಿದರೆ ತಿಳಿದವರಿಗೆ ಅಲ್ಲೇ ಗೊತ್ತಾಗುತ್ತದೆ. ಪ್ರತಿ ಸಲ ಒಲೆಯಿಂದ ತೆಗೆದಾಗ ಮಸಿ ಒರೆಸಿ, ಜೇನುಮೇಣ ಸವರಿದ ಬಟ್ಟೆಯ ಮೇಲೊಮ್ಮೆ ಎಳೆದು, ಹಳೆ ಚಿಂದಿಯ ಮೇಲೆ ಪರೀಕ್ಷಿಸುತ್ತಾರೆ. ಉಗುಳಿನ ಹನಿ ಅಂಟಿಕೊಂಡು ಚುರುಗುಟ್ಟಿದರೆ ಕಾವು ಸಾಲದು, ಮಣಿಯಾಗಿ ಉರುಳಿ ಜಾರಿದರೆ ಸಿದ್ಧ. ಮೇಜೂ ಬೇರೆಯದಲ್ಲ, ಅಡುಗೆಮನೆಯ ಮೇಜಿನ ಮೇಲೆ ಕಂಬಳಿ, ಅದರ ಮೇಲೆ ಹಳೆಯ ಬಿಳಿ ಹೊದಿಕೆ.

ಗಂಜಿ ಎರಡು ಬಗೆ. ಪೆಟಿಕೋಟು, ಏಪ್ರನ್ನಿಗೆ ಕುದಿಸಿದ ಗಂಜಿ: ಗಂಜಿಪುಡಿಯನ್ನು ತಣ್ಣೀರಲ್ಲಿ ಕದಡಿ, ಕುದಿನೀರು ಸುರಿಯುತ್ತ ತಿರುವಿದರೆ ಹಾಲುಬಣ್ಣ ಹೋಗಿ ಪಾರದರ್ಶಕವಾಗುತ್ತದೆ. ಇಸ್ತ್ರಿ ಅಂಟದಿರಲಿ ಎಂದು ಮೇಣದಬತ್ತಿಯ ಒಂದು ಹೆರೆ ಅದಕ್ಕೆ ಹಾಕುತ್ತಿದ್ದರು. ಕಾಲರು, ಕಫ್‌ಗೆ ಮಾತ್ರ ತಣ್ಣನೆಯ ಗಂಜಿ: ಅರ್ಧ ಪೈಂಟ್ (ಸುಮಾರು 280 ಮಿಲಿಲೀಟರ್) ತಣ್ಣೀರಿಗೆ ಒಂದು ದೊಡ್ಡ ಚಮಚ ಅಕ್ಕಿಯ ಗಂಜಿಪುಡಿ, ಬಿಸಿನೀರಲ್ಲಿ ಕರಗಿಸಿದ ಅರ್ಧ ಚಮಚ ಬೋರಾಕ್ಸ್ (ಬಿಳಿಗಾರ), ಕೆಲವು ಹನಿ ಟರ್ಪೆಂಟೈನ್. ಬೇಯದ ಕಣಗಳು ನೂಲಿನೊಳಗೆ ಹೋಗಿ, ಇಸ್ತ್ರಿಯ ಕಾವಿಗೆ ಅಲ್ಲೇ ಬೇಯುತ್ತವೆ. ಕಾಲರು ಹಲಗೆಯಂತೆ ನಿಲ್ಲುವುದು ಅದರಿಂದ. ಅಕ್ಕಿಯ ಕಣ ತುಂಬ ಸಣ್ಣದು, ಒಳಕ್ಕೆ ಚೆನ್ನಾಗಿ ಇಳಿಯುತ್ತದೆ.

ಕೈ ಮಾಡಬೇಕಾದದ್ದು ಹೀಗೆ. ಕಾಲರನ್ನು ಅದ್ದಿ, ಅದುಮಿ ಹಿಂಡಿ, ಒಣಬಟ್ಟೆಯಲ್ಲಿ ಬಿಗಿಯಾಗಿ ಸುರುಳಿ ಸುತ್ತಿ ಒಂದು ಗಂಟೆ ಇಡಬೇಕು. ತೆಗೆದಾಗ ಮೇಲ್ಮೈಯ ಗಂಜಿಯನ್ನು ಬಟ್ಟೆಯಲ್ಲಿ ಒರೆಸಬೇಕು, ಇದನ್ನು ಮರೆತರೆ ಇಸ್ತ್ರಿ ಅಂಟಿ ಸಿಪ್ಪೆ ಏಳುತ್ತದೆ. ಮೊದಲು ಹಿಂಭಾಗದ ಮೇಲೆ ಹಗುರವಾಗಿ, ಆಮೇಲೆ ಮುಂಭಾಗದ ಮೇಲೆ ಭಾರ ಹಾಕಿ. ಪದರಗಳ ನಡುವೆ ಗಾಳಿ ಉಳಿದಿದ್ದರೆ ಗುಳ್ಳೆ ಬರುತ್ತದೆ, ಆ ಜಾಗವನ್ನು ಒದ್ದೆಬಟ್ಟೆಯಿಂದ ಒತ್ತಿ ಮತ್ತೆ ಮಾಡಬೇಕು. ಕೊನೆಗೆ ಒದ್ದೆಬಟ್ಟೆಯಲ್ಲಿ ಒಮ್ಮೆ ಸವರಿ, ತಳ ಉಬ್ಬಿದ ಪಾಲಿಶ್ ಇಸ್ತ್ರಿಯಿಂದ ಜೋರಾಗಿ ಉಜ್ಜಿದರೆ ಹೊಳಪು ಬರುತ್ತದೆ. ಬಿಸಿಯಿರುವಾಗಲೇ ಬೆರಳಿನಿಂದ ದುಂಡಗೆ ಬಾಗಿಸಬೇಕು. ತಣ್ಣಗಾದ ಮೇಲೆ ಬಾಗಿಸಿದರೆ ಬಿರುಕು.

ಇದ್ದಿಲುಬುಟ್ಟಿ:

ಮರದುರುಳೆ ಹೇಳಿದ್ದಕ್ಕೆ ಒಂದು ಸೇರ್ಪಡೆ. ಬಿಳಿ ಬಟ್ಟೆಗೆ ಪೊಳ್ಳು ಇಸ್ತ್ರಿಪೆಟ್ಟಿಗೆಯೂ ಬಳಕೆಯಲ್ಲಿತ್ತು. ಬೆಂಕಿಯಲ್ಲಿ ಕೆಂಪಗೆ ಕಾಯಿಸಿದ ಕಬ್ಬಿಣದ ತುಂಡನ್ನು ಇಕ್ಕಳದಲ್ಲಿ ಹಿಡಿದು ಒಳಗಿಟ್ಟು ಬಾಗಿಲು ಹಾಕುವುದು. ಅದರ ತಳ ಬೆಂಕಿಗೆ ತಾಗುವುದೇ ಇಲ್ಲವಾದ್ದರಿಂದ ಮಸಿಯ ಭಯವಿಲ್ಲ. ರಂಗದ ಮೇಲೆ ನೋಡುವುದಕ್ಕೂ ಅದು ಚೆಂದ.

ಒಗೆಯುವ ಸಾಧನದ ಬಗ್ಗೆ ಯಾರೂ ಹೇಳಲಿಲ್ಲ. ಪೀಪಾಯಿಯಂಥ ತೊಟ್ಟಿ, ಅದರಲ್ಲಿ ಆಡಿಸಲು ಕಾಲುಗಳಿರುವ ಸಣ್ಣ ಮಣೆಗೆ ಉದ್ದ ಹಿಡಿ ಸಿಕ್ಕಿಸಿದಂತಿರುವ ಡಾಲಿ. ಅಡ್ಡಹಿಡಿಯನ್ನು ಎರಡು ಕೈಯಲ್ಲಿ ಹಿಡಿದು ಅರ್ಧ ಸುತ್ತು ಆಚೆ, ಅರ್ಧ ಸುತ್ತು ಈಚೆ ತಿರುಗಿಸಬೇಕು. ಪೂರ್ತಿ ಸುತ್ತಿದರೆ ಬಟ್ಟೆ ಕಾಲಿಗೆ ಸುತ್ತಿಕೊಂಡು ಹರಿಯುತ್ತದೆ. ಲ್ಯಾಂಕಾಶೈರ್, ಯಾರ್ಕ್‌ಶೈರ್ ಕಡೆ ಇದು ಮನೆಮನೆಯ ವಸ್ತು. ನಿಮ್ಮ ಲಂಡನ್ ಮನೆಗೆ ಅಗಲವಾದ ಮರದ ತೊಟ್ಟಿ ಮತ್ತು ಗೀರುಗಳಿರುವ ಉಜ್ಜುಹಲಗೆ ಹೆಚ್ಚು ಒಪ್ಪುತ್ತದೆ.

ಒಣಹಾಕುವ ಮುಂಚೆ ಹುಡುಗಿ ಹಗ್ಗವನ್ನು ಈ ತುದಿಯಿಂದ ಆ ತುದಿಗೆ ಒದ್ದೆಬಟ್ಟೆಯಲ್ಲಿ ಒರೆಸಿಕೊಂಡು ಬರಲಿ. ಲಂಡನ್ನಿನ ಗಾಳಿಯಲ್ಲಿ ಕಲ್ಲಿದ್ದಲ ಮಸಿ ಸದಾ ಇಳಿಯುತ್ತಿತ್ತು. ಒರೆಸದ ಹಗ್ಗದ ಮೇಲೆ ಹಾಕಿದ ಬಿಳಿ ಬಟ್ಟೆಗೆ ಕಪ್ಪು ಗೆರೆ ಬಿದ್ದರೆ ಅದನ್ನು ಮತ್ತೆ ತೊಟ್ಟಿಗೇ ಹಾಕಬೇಕು.

ನೀಲಿಗಂಟು:

ಆ ಮೇಜಿನ ಬಟ್ಟೆಯ ಮೂಲೆಯಲ್ಲಿ ಗುರುತು ಇರಲಿ. ಕೆಂಪು ದಾರದ ಅಡ್ಡಹೊಲಿಗೆಯಲ್ಲಿ ಮನೆಯವರ ಹೆಸರಿನ ಅಕ್ಷರ ಮತ್ತು ಒಂದು ಸಂಖ್ಯೆ, ಅಥವಾ ಬೆಳ್ಳಿಯ ಲವಣದಿಂದ ಮಾಡಿದ, ಒಗೆದರೂ ಹೋಗದ ಕಪ್ಪು ಶಾಯಿ. ಸಂಖ್ಯೆಯ ಸರದಿಯಂತೆ ಬಟ್ಟೆ ಹೊರತೆಗೆಯುತ್ತಿದ್ದರು. ಕಲೆಬಿದ್ದದ್ದನ್ನು ಹುಡುಗಿ ರಾಶಿಯ ಅಡಿಗೆ ಸೇರಿಸಿದರೂ, ಆ ಸಂಖ್ಯೆಯ ಸರದಿ ಬಂದ ವಾರ ಅದು ಮೇಜಿನ ಮೇಲೆ ಬಿಚ್ಚಿಕೊಳ್ಳುತ್ತದೆ.